ಬಾಣಂತನಕ್ಕೆ ಹೊರಟವರು

ನೀಲಿ ಗ್ಲೌಸ್ ಹಾಕಿದ್ದ ಹೆಂಗಸು ದುಗ್ಗಮ್ಮನ ಬ್ಯಾಗಿನ ಜಿಪ್ಪು ಎಳೆದು ಒಳಗೆ ಕೈ ಹಾಕಿದಳು. ಮೊದಲು ಬಂದದ್ದು ರೊಟ್ಟಿಯ ಪೊಟ್ಟಣ. ಅದನ್ನು ಪಕ್ಕಕ್ಕಿಟ್ಟಳು. ಆಮೇಲೆ ಉಂಡೆಯಾಗಿ ಸುತ್ತಿದ್ದ ಒಂದು ನೂಲಿನ ಸೀರೆ ಬಂತು. ಒಗೆದೊಗೆದು ಬಣ್ಣ ಯಾವುದಿತ್ತೆಂದು ಹೇಳಲಾಗದಷ್ಟು ಮಾಸಿತ್ತು; ಅಂಚು ಹರಿದು ಎಳೆ ಬಿಟ್ಟಿತ್ತು. ಹೆಂಗಸು ಅದನ್ನು ಎರಡು ಬೆರಳಿನಲ್ಲಿ ಹಿಡಿದು ಬಿಡಿಸಿದಳು. ಒಳಗಿದ್ದ ಕಲ್ಲು ಟ್ರೇಗೆ ಬಿದ್ದು ದಡ್ ಎಂದಿತು.

ಅಬುಧಾಬಿ ವಿಮಾನ ನಿಲ್ದಾಣದ ಆ ತಪಾಸಣೆಯ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಂಗೈಯಗಲದ, ನಡುವೆ ಸವೆದು ತಗ್ಗಾದ ಕರಿಕಲ್ಲು. ಹೆಂಗಸು ಇಂಗ್ಲಿಷಿನಲ್ಲಿ ಏನೋ ಕೇಳಿದಳು, ಆಮೇಲೆ ಹಿಂದಿಯಲ್ಲಿ ಕೇಳಿದಳು. ದುಗ್ಗಮ್ಮನಿಗೆ ಎರಡೂ ಬರುತ್ತಿರಲಿಲ್ಲ. ಗಾಲಿಕುರ್ಚಿಯಲ್ಲಿ ಕೂತಲ್ಲಿಂದಲೇ ಅವಳು ಕಲ್ಲಿನ ಮೇಲೆ ಬೆರಳಿಟ್ಟು ಬಜೆ ತೇಯುವಂತೆ ಸುತ್ತಿಸಿದಳು, ಬೆರಳನ್ನು ನಾಲಿಗೆಗೆ ಮುಟ್ಟಿಸಿದಳು, ಆಮೇಲೆ ಎರಡೂ ಕೈ ಜೋಡಿಸಿ ಕೂಸನ್ನು ತೂಗುವಂತೆ ಮಾಡಿ ತೋರಿಸಿದಳು. ಹೆಂಗಸು ಇನ್ನೊಬ್ಬಳನ್ನು ಕರೆದಳು. ಇಬ್ಬರೂ ಕಲ್ಲನ್ನು ತಿರುಗಿಸಿ ನೋಡಿ, ಏನೋ ಮಾತಾಡಿಕೊಂಡು, ನಕ್ಕು ವಾಪಸು ಇಟ್ಟರು.

"ಐರ್ಲೆಂಡಿಗೆ ಕಲ್ಲು ಹೊತ್ಕೊಂಡು ಹೊರಟಿದಾರೆ. ಅಲ್ಲಿ ಕಲ್ಲು ಸಿಕ್ಕದಿಲ್ಲ ಅಂತ ಕಾಣ್ತದೆ," ಎಂದಳು ಪಕ್ಕದ ಗಾಲಿಕುರ್ಚಿಯಲ್ಲಿದ್ದ ಪುಷ್ಪಮ್ಮ. ಯಾರಿಗೆಂದು ಹೇಳಲಿಲ್ಲ. ಅಲ್ಲಿ ಕನ್ನಡ ಬಲ್ಲವರು ಬೇರೆ ಯಾರೂ ಇರಲಿಲ್ಲ.

ಮುಂದಿನ ಬ್ಯಾಗು ಪುಷ್ಪಮ್ಮನದು. ಅದರಿಂದಲೂ ಒಂದು ಬಟ್ಟೆಯ ಉಂಡೆಯೇ ಹೊರಬಂತು. ಬಿಳಿಯದಾಗಿದ್ದು ಈಗ ಹಾಲಿನ ಕೆನೆಯ ಬಣ್ಣಕ್ಕೆ ತಿರುಗಿದ್ದ ಪಂಚೆ. ಒಂದು ಮೂಲೆಯಲ್ಲಿ ಅಡಿಕೆಯ ಚೊಗರು ತಾಗಿದ ಕೆಂಪು ಕಲೆ. ಒಳಗೆ ಕೂಸಿಗೆ ಹಾಲು ಕುಡಿಸುವ ಬೆಳ್ಳಿಯ ಒಳಲೆ. ಹೆಂಗಸು ಒಳಲೆಯನ್ನು ಬೆಳಕಿಗೆ ಹಿಡಿದು ನೋಡಿ, ಪಂಚೆಯನ್ನು ಜಾಡಿಸಿ, ಮತ್ತೇನೂ ಸಿಗದೆ ಮೂತಿ ತಿರುವಿ ಒಳಗೆ ತುರುಕಿದಳು.

"ನಿಮ್ಮದೂ ಪೀತಾಂಬರ ಅಲ್ಲ ಬಿಡಿ," ಎಂದಳು ದುಗ್ಗಮ್ಮ.

ಬೆಂಗಳೂರಿನಿಂದ ಹೊರಟ ಮೇಲೆ ಅವರಿಬ್ಬರ ನಡುವೆ ನಡೆದ ಮೊದಲ ಮಾತು ಅದು. ಇಬ್ಬರಿಗೂ ಇನ್ನೊಬ್ಬಳು ಏನು ಹೊತ್ತು ತಂದಿದ್ದಾಳೆಂದು ಗೊತ್ತಾಗಿತ್ತು. ಹುಟ್ಟಿದ ಕೂಸಿಗೆ ಪುರುಡಿನ ಮೈಲಿಗೆ ಕಳೆಯುವವರೆಗೆ ಹೊಸ ಬಟ್ಟೆ ತೊಡಿಸುವುದಿಲ್ಲ. ಹಿರಿಯರು ಉಟ್ಟು, ಒಗೆದು, ಮೆತ್ತಗಾದ ಬಟ್ಟೆಯಲ್ಲಿ ಸುತ್ತುತ್ತಾರೆ. ಯಾರ ಬಟ್ಟೆಯೋ ಅವರ ಆಯುಸ್ಸು ಕೂಸಿಗೆ ಎಂದು ದುಗ್ಗಮ್ಮನ ತಾಳಗುಪ್ಪದ ಕಡೆಯೂ ಹೇಳುತ್ತಾರೆ, ಪುಷ್ಪಮ್ಮನ ತೀರ್ಥಹಳ್ಳಿಯ ಕಡೆಯೂ ಹೇಳುತ್ತಾರೆ. ದುಗ್ಗಮ್ಮ ತಂದದ್ದು ಅವಳ ಅತ್ತೆಯ ಸೀರೆ. ಆ ಮುದುಕಿ ವಯಸ್ಸಿನಲ್ಲಿ ಒಡೆಯರ ಮನೆಗೆ ಗೇಣಿಯ ಭತ್ತ ಹೊತ್ತು, ಕೊನೆಗೆ ಅದೇ ಗದ್ದೆ ತಮ್ಮ ಹೆಸರಿಗಾದ ಮೇಲೆ ಅದರ ಅಂಚಿನಲ್ಲಿ ಕೂತು ಎಲೆಯಡಿಕೆ ಹಾಕುತ್ತ ತೊಂಬತ್ತು ದಾಟಿದ್ದಳು. ಪುಷ್ಪಮ್ಮ ತಂದದ್ದು ಅವಳ ಮಾವ ಮುಕುಂದಯ್ಯನ ಪಂಚೆ. ಕೋಣಂದೂರಿನ ಹತ್ತಿರದ ಅವರ ಮನೆಗೂ ಒಕ್ಕಲುಗಳಿದ್ದ ಕಾಲವನ್ನು ಕಂಡ ಮನುಷ್ಯ. ಅವನೂ ತೊಂಬತ್ತು ದಾಟಿದ್ದ.

ಸುತ್ತುವುದು ಒಂದೇ ಕೂಸನ್ನು.

ಗಾಲಿಕುರ್ಚಿಗಳನ್ನು ದೂಡುವವನು ಇಬ್ಬರನ್ನೂ ಒಂದು ಮೂಲೆಗೆ ತಂದು, ಗೋಡೆಯ ಕಡೆ ಬೆನ್ನು ಮಾಡಿ ಅಕ್ಕಪಕ್ಕ ನಿಲ್ಲಿಸಿ, ಬ್ರೇಕು ಒತ್ತಿ ಹೋದ. ಅಲ್ಲಿ ಅಂಥವರು ಇನ್ನೂ ಕೆಲವರಿದ್ದರು. ಪಂಜಾಬಿ ಮುದುಕರು, ಸೀರೆಯ ಮೇಲೆ ಸ್ವೆಟರ್ ತೊಟ್ಟ ತೆಲುಗು ಹೆಂಗಸರು. ಅವರಲ್ಲಿ ನಡೆಯಲಾಗದವರು ಯಾರೂ ಇದ್ದಂತಿರಲಿಲ್ಲ. ಭಾಷೆ ಬಾರದ ಅಪ್ಪ ಅಮ್ಮಂದಿರು ದಾರಿ ತಪ್ಪದಿರಲೆಂದು ಮಕ್ಕಳು ಮಾಡುವ ಉಪಾಯ ಅದು. ಟಿಕೆಟ್ ತೆಗೆಯುವಾಗ ಮಂಡಿನೋವು ಎಂದು ಬರೆಸಿದರೆ ಒಬ್ಬ ದೂಡಿಕೊಂಡು ಹೋಗುತ್ತಾನೆ. ಪೂರ್ಣೇಶ್ ಇಬ್ಬರಿಗೂ ಹಾಗೇ ಬರೆಸಿದ್ದ. "ಯಾರು ಕೇಳಿದ್ರೂ ಎದ್ದು ಓಡಾಡಬೇಡಿ," ಎಂದು ತಾಯಿಗೂ ಹೇಳಿದ್ದ, ಅತ್ತೆಗೂ ಹೇಳಿದ್ದ. ಮೊನ್ನೆಯವರೆಗೆ ಗುಡ್ಡದಿಂದ ಸೊಪ್ಪಿನ ಹೊರೆ ಇಳಿಸಿದ್ದ ದುಗ್ಗಮ್ಮನಿಗೆ ಕಾಲು ಜೋಮು ಹಿಡಿಯುತ್ತಿತ್ತು.

ಪೂರ್ಣೇಶ್ ಪುಷ್ಪಮ್ಮನ ಮಗ, ಕಾವ್ಯಾ ದುಗ್ಗಮ್ಮನ ಮಗಳು. ಕಾವ್ಯಾ ಹೊಸನಗರದ ಆಸ್ಪತ್ರೆಯಲ್ಲಿ ಗುತ್ತಿಗೆಯ ನರ್ಸಾಗಿದ್ದಾಗ ಅವನು ಔಷಧ ಕಂಪನಿಯ ಚೀಲ ಹಿಡಿದು ಅಲ್ಲಿಗೆ ಬರುತ್ತಿದ್ದ. ವಿಷಯ ಗೊತ್ತಾದ ದಿನ ದುಗ್ಗಮ್ಮ ಮಗಳನ್ನು ಭತ್ತದ ಕೋಣೆಗೆ ಹಾಕಿ ಬೀಗ ಜಡಿದಳು. ತಮ್ಮನ ಮಗನಿಗೆ ಕೊಡುತ್ತೇನೆಂದು ಮಾತಾಡಿಯಾಗಿತ್ತು. ಗಂಡ ಸುಬ್ಬಪ್ಪ ಬಾಗಿಲ ಹೊರಗೆ ಕೂತು ಅತ್ತನೇ ಹೊರತು ಬೀಗದ ಕೈ ಕೇಳಲಿಲ್ಲ. ಕಡೆಗೆ ಬೀಗ ತೆಗೆದವನು ಮಗ ನಾಗೇಂದ್ರ. ಆಮೇಲೆ ರಿಜಿಸ್ಟರ್ ಮದುವೆ, ಆಮೇಲೆ ಕಾವ್ಯಾಳ ಪರೀಕ್ಷೆ, ಐರ್ಲೆಂಡಿನ ಆಸ್ಪತ್ರೆಯ ಕೆಲಸ. ಪೂರ್ಣೇಶ್ ಹೆಂಡತಿಯ ವೀಸಾದ ಮೇಲೆ ಹೋದ. ಈಗ ಅಲ್ಲೊಂದು ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿಡುವ ಕೆಲಸ. ಮದುವೆಯಾದ ಮೇಲೆ ಕಾವ್ಯಾ ತವರಿನ ಹೊಸಿಲು ತುಳಿದಿರಲಿಲ್ಲ. ಫೋನು ಮಾಡುತ್ತಿದ್ದಳು, ಬಿಪಿ ಮಾತ್ರೆ ತಗೊಂಡ್ಯಾ ಎಂದು ಕೇಳಿ ಇಡುತ್ತಿದ್ದಳು.

ಬಾಣಂತನಕ್ಕೆ ಬನ್ನಿ ಎಂದು ದುಗ್ಗಮ್ಮನನ್ನು ಕರೆದವನು ಪೂರ್ಣೇಶ್. ಕಾವ್ಯಾ ಕರೆದಿರಲಿಲ್ಲ. ಬೇಡ ಎಂದೂ ಹೇಳಿರಲಿಲ್ಲ. ದುಗ್ಗಮ್ಮ ಅಷ್ಟನ್ನೇ ಹಿಡಿದುಕೊಂಡು ಪಾಸ್‌ಪೋರ್ಟ್ ಮಾಡಿಸಿದ್ದಳು. ತಾನು ಮೊದಲು ಒಳಗೆ ಹೋಗಬೇಕು, ತನ್ನ ಕೈಯಲ್ಲಿ ಮೊದಲು ಕೂಸನ್ನು ಎತ್ತಬೇಕು, ಆಮೇಲೆ ಮಗಳು ಏನು ಬೇಕಾದರೂ ಅನ್ನಲಿ ಎಂದುಕೊಂಡಿದ್ದಳು.

ಹೊಟ್ಟೆ ಚುರುಗುಟ್ಟಿತು. ದುಗ್ಗಮ್ಮ ರೊಟ್ಟಿಯ ಪೊಟ್ಟಣ ಬಿಚ್ಚಿ, ಒಂದನ್ನು ತಾನು ತೆಗೆದುಕೊಂಡು ಉಳಿದದ್ದನ್ನು ಪಕ್ಕಕ್ಕೆ ಚಾಚಿದಳು. ಶುಗರ್ ಇರುವ ಹೆಂಗಸು, ಹೊತ್ತಿಗೆ ಸರಿಯಾಗಿ ತಿನ್ನಬೇಕು ಎಂದು ಪೂರ್ಣೇಶ್ ಹೇಳಿದ್ದು ನೆನಪಿತ್ತು.

"ನಂಗೆ ಬೇಡ. ಹೊರಗಿಂದು ನಾ ತಿನ್ನದಿಲ್ಲ," ಎಂದಳು ಪುಷ್ಪಮ್ಮ.

"ಇಮಾನದಲ್ಲಿ ತಟ್ಟೆ ಬಳ್ದು ತಿಂದ್ರಲ್ಲ. ಅದನ್ನ ಬೇಯ್ಸಿದೋರು ಯಾವ ಮನೇರು ಅಂತ ಕೇಳಿದ್ರಾ?"

ಪುಷ್ಪಮ್ಮ ಕೈಚೀಲದಿಂದ ಬಿಸ್ಕತ್ತಿನ ಪೊಟ್ಟಣ ತೆಗೆದಳು. ದುಗ್ಗಮ್ಮ ರೊಟ್ಟಿ ಮುರಿದು ಜೋರಾಗಿಯೇ ಅಗಿದಳು.

ದುಗ್ಗಮ್ಮನ ಫೋನು ಹೊಡೆದುಕೊಂಡಿತು. ನಾಗೇಂದ್ರ ಅದಕ್ಕೆ ವಿದೇಶದ ಪ್ಯಾಕ್ ಹಾಕಿಸಿಕೊಟ್ಟಿದ್ದ. ಪುಷ್ಪಮ್ಮನ ಫೋನು ಧಾರಾವಾಹಿ ನೋಡಿ ನೋಡಿ ಸತ್ತಿತ್ತು. ಚಾರ್ಜರು ದೊಡ್ಡ ಪೆಟ್ಟಿಗೆಯಲ್ಲಿ ವಿಮಾನದ ಹೊಟ್ಟೆಗೆ ಹೋಗಿತ್ತು.

ಪೂರ್ಣೇಶ್. "ಅತ್ತೆ, ನೀರು ಹೋಯ್ತು. ಆಸ್ಪತ್ರೆಗೆ ಬಂದಿದೀವಿ. ಇನ್ನೂ ವಾರ ಇದೆ ಅಂದಿದ್ರು, ಈಗ ಇವತ್ತೇ ಆಗ್ತದೆ ಅಂತಾರೆ. ಗಾಬರಿ ಆಗಬೇಡಿ. ಅಮ್ಮನಿಗೂ ಹೇಳಿ."

"ಎಂಥದಂತೆ?" ಎಂದಳು ಪುಷ್ಪಮ್ಮ.

"ನೀರು ಹೋತಂತೆ. ಇವತ್ತೇ ಆಗ್ತದಂತೆ."

ಇಬ್ಬರೂ ಒಟ್ಟಿಗೇ ಎದ್ದು ನಿಂತರು. ಪಂಜಾಬಿ ಮುದುಕ ತಲೆಯೆತ್ತಿ ನೋಡಿದ. ಮಂಡಿನೋವಿನ ಇಬ್ಬರು ಹೆಂಗಸರು ಸರಸರನೆ ಗೇಟಿನ ಮೇಜಿನ ಕಡೆ ನಡೆದರು.

ಮೇಜಿನ ಮುಂದೆ ಜನ ಮುತ್ತಿದ್ದರು. ಡಬ್ಲಿನ್ನಿನಲ್ಲಿ ನಿನ್ನೆಯೆಲ್ಲ ಬಿರುಗಾಳಿ ಬೀಸಿ ವಿಮಾನಗಳು ಇಳಿದಿರಲಿಲ್ಲ. ನಿನ್ನೆ ಉಳಿದವರನ್ನೂ ಇವತ್ತಿನ ವಿಮಾನಕ್ಕೆ ತುಂಬಬೇಕಾಗಿತ್ತು. ಇವರಿಬ್ಬರ ಬೋರ್ಡಿಂಗ್ ಕಾರ್ಡಿನಲ್ಲಿ ಸೀಟಿನ ನಂಬರು ಇರಬೇಕಾದ ಜಾಗ ಖಾಲಿಯಿತ್ತು. ಬೆಂಗಳೂರಿನಲ್ಲಿ ಅದನ್ನು ಯಾರೂ ಗಮನಿಸಿರಲಿಲ್ಲ. ಪುಷ್ಪಮ್ಮ ಧಾರಾವಾಹಿಗಳಿಂದ ಕಲಿತ ಹಿಂದಿಯಲ್ಲಿ ಮಾತಾಡಿದಳು. ಬಹೂ, ಬಚ್ಚಾ ಎಂಬ ಮಾತುಗಳು ದುಗ್ಗಮ್ಮನ ಕಿವಿಗೂ ಬಿದ್ದವು. ಮೇಜಿನ ಹುಡುಗಿ ಇಬ್ಬರ ಪಾಸ್‌ಪೋರ್ಟನ್ನೂ ತೆಗೆದುಕೊಂಡು ಬಹಳ ಹೊತ್ತು ಕಂಪ್ಯೂಟರು ಕುಟ್ಟಿ, ಒಂದು ಬೆರಳು ಎತ್ತಿ ತೋರಿಸಿದಳು. ಆಮೇಲೆ ಎರಡು ಪಾಸ್‌ಪೋರ್ಟನ್ನೂ ಎರಡು ಕೈಯಲ್ಲಿ ಹಿಡಿದು, ಒಮ್ಮೆ ಇದನ್ನು ಮುಂದೆ ಮಾಡಿದಳು, ಒಮ್ಮೆ ಅದನ್ನು ಮುಂದೆ ಮಾಡಿದಳು. ಹುಬ್ಬು ಮೇಲೇರಿಸಿ ಕಾದಳು. ಕೊನೆಗೆ ಎರಡನ್ನೂ ವಾಪಸು ಕೊಟ್ಟು ಹಿಂದಿನವರನ್ನು ಕರೆದಳು.

ಪುಷ್ಪಮ್ಮ ದುಗ್ಗಮ್ಮನನ್ನು ಒಂದು ಕಂಬದ ಹತ್ತಿರ ಕರೆದುಕೊಂಡು ಬಂದಳು.

"ಒಂದೇ ಸೀಟು ಇರೋದಂತೆ. ನಂಗೆ ಕೊಟ್ಟಿದಾರೆ. ನಿಮಗೆ ನಾಳೇದು. ಉಳಿಯೋಕೆ ಹೋಟ್ಲು ಅವರೇ ಕೊಡ್ತಾರಂತೆ, ದುಡ್ಡಿಲ್ಲ."

"ಕೊಟ್ಟಿದಾರಾ, ನೀವು ತಗಂಡ್ರಾ?"

"ಎಂಥ ಮಾತು ಅದು?"

"ಆ ಹುಡ್ಗಿ ಎರಡು ಪಾಸ್‌ಪೋರ್ಟ್ ಹಿಡ್ಕಂಡು ನಿಮ್ಮಲ್ಲಿ ಯಾರು ಅಂತ ಕೇಳ್ತು. ನಂಗೆ ಭಾಷೆ ಬರದಿಲ್ಲ ಪುಷ್ಪಮ್ಮೋರೆ. ಕಣ್ಣು ಕಾಣ್ತದೆ."

ಪುಷ್ಪಮ್ಮನ ಮುಖ ಕೆಂಪಾಯಿತು. ಆದರೆ ಅವಳು ಹಿಂದೆ ಸರಿಯಲಿಲ್ಲ. "ಹೌದು, ಕೇಳಿದ್ಲು. ನಾನು ಹೋಗ್ತೀನಿ ಅಂತ ಹೇಳೋಳಿದ್ದೆ. ಅದ್ರಲ್ಲಿ ಎಂಥ ತಪ್ಪು? ನಂಗೆ ಹಿಂದಿ ಬರ್ತದೆ, ಅಷ್ಟಿಷ್ಟು ಇಂಗ್ಲಿಷ್ ಬರ್ತದೆ. ನೀವು ಅಲ್ಲಿಗೆ ಹೋಗಿ ಕಲ್ಲು ತೋರಿಸ್ತೀರಾ?"

"ಮೊದಲ್ನೇ ಬಾಣಂತನ ತವ್ರುಮನೇದು. ನಿಮ್ಮಲ್ಲೂ ಅದೇ, ನಮ್ಮಲ್ಲೂ ಅದೇ. ನಿಮ್ಮನೆ ಹೆಣ್ಮಕ್ಕಳದ್ದು ನೀವು ಬಿಟ್ಕೊಟ್ಟಿದ್ರಾ?"

"ತವರಿಗೆ ಕರ್ಕೊಂಡು ಹೋದ್ರೆ ತವರಿಂದು. ಗಂಡನ ಮನೇಲಿ ಹೆರಿಗೆ ಆದ್ರೆ ಅತ್ತೇದು. ಇದು ನನ್ನ ಮಗನ ಮನೆ."

"ಅದರ ಬಾಡಿಗೆ ಕಟ್ಟೋರು ಯಾರು?"

ಪುಷ್ಪಮ್ಮ ಮೇಜಿನ ಕಡೆ ಮುಖ ತಿರುಗಿಸಿದಳು. ದುಗ್ಗಮ್ಮ ಬಿಡಲಿಲ್ಲ. "ನನ್ನ ಮಗಳು ರಾತ್ರಿ ಪಾಳಿ ಮಾಡಿ ಕಟ್ಟೋದು. ನಿಮ್ಮ ಮಗ ಪೆಟ್ಗೆ ಹೊರ್ತಾರೆ. ಗೇಣಿ ಹೊರಿಸ್ಕಂಡ ಮನೇಲಿ ಹುಟ್ಟಿ ಹೊರೋದು ಕಲ್ತ್ರಲ್ಲ, ಒಳ್ಳೇದೇ ಆತು."

"ನಾಲಿಗೆ ಹಿಡಿದು ಮಾತಾಡು." ಪುಷ್ಪಮ್ಮನ ಬಾಯಿಂದ 'ನೀವು' ಹೋಗಿತ್ತು. "ಮಗಳನ್ನ ಭತ್ತದ ಕೋಣೇಲಿ ಕೂಡಿ ಹಾಕ್ದೋಳು ನೀನು. ಚಪ್ಪಲಿ ಇಲ್ದೆ ಬಂದಿದ್ಲು ನಮ್ಮನೆಗೆ. ಕಾಲಲ್ಲಿ ಮುಳ್ಳು ಮುರ್ದಿತ್ತು. ಪಿನ್ನು ಹಾಕಿ ತೆಗ್ದೋಳು ನಾನು. ಈಗ ತವ್ರುಮನೆ ಅಂತೀಯ."

"ತೆಗ್ದು ಎಲ್ಲಿ ಕೂರ್ಸಿದ್ರಿ? ಜಗಲಿ ಮೇಲೆ. ಕಾಪಿ ಯಾವ ಲೋಟದಲ್ಲಿ ಕೊಟ್ರಿ? ಕೆಲ್ಸದೋರಿಗೆ ಅಂತ ಬೇರೆ ಇಟ್ಟಿರೋದ್ರಲ್ಲಿ. ಕಾವ್ಯ ನಾಗೇಂದ್ರನ ಹತ್ರ ಹೇಳಿದ್ದು ನಂಗೆ ಗೊತ್ತಿಲ್ಲ ಅಂದ್ಕಂಡ್ರಾ, ಒಡ್ತೀರೆ?"

ಒಡತಿ ಎಂಬ ಮಾತು ದುಗ್ಗಮ್ಮನ ಅತ್ತೆಯದು. ಆ ಮುದುಕಿ ಅದನ್ನು ತಲೆ ತಗ್ಗಿಸಿ ಹೇಳುತ್ತಿದ್ದಳು. ದುಗ್ಗಮ್ಮ ಮುಖಕ್ಕೆ ಮುಖ ಕೊಟ್ಟು ಹೇಳಿದಳು. ಟ್ರಾಲಿ ತಳ್ಳುತ್ತ ಬಂದ ಒಂದು ಸಂಸಾರ ಇವರನ್ನು ಬಳಸಿಕೊಂಡು ಆಚೆಯಿಂದ ಹೋಯಿತು.

ಪುಷ್ಪಮ್ಮ ಕಂಬಕ್ಕೆ ಕೈ ಊರಿದಳು. ಬೆರಳು ಸಣ್ಣಗೆ ನಡುಗುತ್ತ ಇತ್ತು. ಸಿಟ್ಟೋ ಶುಗರ್ ಇಳಿದದ್ದೋ ದುಗ್ಗಮ್ಮನಿಗೆ ತಿಳಿಯಲಿಲ್ಲ. ಕೇಳಲೂ ಇಲ್ಲ.

"ಆ ಲೋಟ ಮಾರನೇ ದಿನವೇ ಬಿಸಾಡ್ದೆ," ಎಂದಳು ಪುಷ್ಪಮ್ಮ. "ಅದನ್ನ ಹೇಳಿರಲ್ಲ ಅವಳು."

"ಬಿಸಾಡಿದ್ದು ಅದ್ರಲ್ಲಿ ನನ್ನ ಮಗಳು ಕುಡ್ದಿದ್ದಕ್ಕೋ?"

"ನಿಂಗೆ ಏನು ಹೇಳಿದ್ರೂ ಅಷ್ಟೇ." ಪುಷ್ಪಮ್ಮ ಸೆರಗು ಎಳೆದು ಸೊಂಟಕ್ಕೆ ಸಿಕ್ಕಿಸಿದಳು. "ಕಾವ್ಯನ್ನೇ ಕೇಳಿ. ಹೆರೋಳು ಅವಳು. ಅವಳು ಯಾರನ್ನ ಬಾ ಅಂತಾಳೋ ಅವರು ಹೋಗೋದು. ಆಮೇಲೆ ನನ್ನ ಕಡೆಯಿಂದ ಮಾತಿಲ್ಲ. ನಿಮ್ಮ ಕಡೆಯಿಂದ್ಲೂ ಇರಬಾರ್ದು."

"ಆತು," ಎಂದಳು ದುಗ್ಗಮ್ಮ.

ಫೋನು ಅವಳದು. ಗದ್ದಲಕ್ಕೆ ಕೇಳುವುದಿಲ್ಲವೆಂದು ಒಂದು ಕಿವಿ ಮುಚ್ಚಿಕೊಂಡು ಗಾಜಿನ ಗೋಡೆಯ ಹತ್ತಿರ ಹೋದಳು. ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ವಿಮಾನಗಳ ಬಾಲಗಳು ಸಾಲಾಗಿ ನಿಂತಿದ್ದವು. ಎಲ್ಲೂ ಒಂದು ಹಸುರು ಕಡ್ಡಿಯಿಲ್ಲ. ಪೂರ್ಣೇಶ್ ಫೋನು ಎತ್ತಿದ. ಒಂದೇ ಸೀಟಿನ ವಿಷಯ ಕೇಳಿ, "ಅಯ್ಯೋ," ಎಂದು, "ಅವಳ ಹತ್ರ ಕೊಡ್ತೀನಿ, ಈಗ ನೋವು ಸ್ವಲ್ಪ ಬಿಟ್ಟಿದೆ," ಎಂದ.

"ಅಮ್ಮ."

ದುಗ್ಗಮ್ಮ ಫೋನನ್ನು ಕಿವಿಗೆ ಒತ್ತಿಕೊಂಡಳು. "ಹೆಂಗಿದ್ಯೆ? ಬೆನ್ನು ನೋಯ್ತದಾ? ಎಡಗಡೆ ಮಗ್ಗಲಲ್ಲಿ ಮಲಗು."

"ಎಲ್ಲ ಸರಿ ಇದೆ. ಪೂರ್ಣೇಶ್ ಹೇಳಿದ್ರು." ಮಗಳು ಉಸಿರು ತೆಗೆದುಕೊಂಡಳು. "ಅತ್ತೇನ ಕಳ್ಸು, ಅಮ್ಮ."

ದುಗ್ಗಮ್ಮ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದಳು.

"ಅತ್ತೆಗೆ ಶುಗರ್ ಇದೆ. ಒಬ್ರೇ ಹೋಟ್ಲಲ್ಲಿ ಬಿದ್ಕಂಡ್ರೆ ಇವರು ಇಲ್ಲಿ ನಿದ್ದೆ ಮಾಡದಿಲ್ಲ. ನೀ ಗಟ್ಟಿ ಇದೀಯ. ನಾಳೆ ಬಾ."

"ಮೊದಲ್ನೇದು ತವ್ರುಮನೆಯೋರು ಮಾಡ್ಬೇಕು, ಕಾವ್ಯಾ. ನಾನು ಅಜ್ಜಿ ಸೀರೆ ತಂದಿದೀನಿ. ಕಲ್ಲು ತಂದಿದೀನಿ."

ಆ ಕಡೆ ಯಂತ್ರವೊಂದು ಟಿಕ್ ಟಿಕ್ ಎನ್ನುತ್ತಿತ್ತು. ಯಾರೋ ಇಂಗ್ಲಿಷಿನಲ್ಲಿ ಏನೋ ಹೇಳಿದರು.

"ಯಾವ ತವ್ರುಮನೆ, ಅಮ್ಮ?" ಎಂದಳು ಕಾವ್ಯಾ. ಬೈಯುವ ದನಿಯಲ್ಲ. ನಿಜವಾಗಿಯೂ ಗೊತ್ತಿಲ್ಲದವಳು ಕೇಳಿದಂತಿತ್ತು. ಆಮೇಲೆ ನೋವು ಬಂತು. ಫೋನು ಎಲ್ಲೋ ಬಿದ್ದ ಸದ್ದು, ಪೂರ್ಣೇಶನ ದನಿ, ಲೈನು ಕಡಿಯಿತು.

ದುಗ್ಗಮ್ಮ ಗಾಜಿನ ಎದುರು ನಿಂತೇ ಇದ್ದಳು. ಗಾಜಿನಲ್ಲಿ ಹಿಂದಿನದೆಲ್ಲ ಮಸುಕಾಗಿ ಕಾಣುತ್ತಿತ್ತು. ಪುಷ್ಪಮ್ಮ ಕಂಬಕ್ಕೆ ಒರಗಿ ಇತ್ತಲೇ ನೋಡುತ್ತಿದ್ದಳು. ಬ್ಯಾಗನ್ನು ಎದೆಗೆ ಅವುಚಿಕೊಂಡಿದ್ದಳು. ದುಗ್ಗಮ್ಮ ಫೋನಿನ ಪಕ್ಕದ ಗುಂಡಿಯನ್ನು ಒತ್ತಿ ಹಿಡಿದಳು. ಪರದೆ ಕಪ್ಪಾಗುವವರೆಗೂ ಬೆರಳು ತೆಗೆಯಲಿಲ್ಲ. ಆಮೇಲೆ ತಿರುಗಿ ನಡೆದಳು.

"ಎಂಥ ಹೇಳಿದ್ಲು?"

"ನನ್ನೇ ಬಾ ಅಂತು."

ಪುಷ್ಪಮ್ಮ ಅವಳ ಮುಖ ನೋಡಿದಳು. ದುಗ್ಗಮ್ಮ ರೆಪ್ಪೆ ಬಡಿಯಲಿಲ್ಲ.

"ನಂಗೆ ಒಂದ್ಸಲ ಮಾತಾಡ್ಸಿ."

"ಒಳಗೆ ಕರ್ಕಂಡು ಹೋದ್ರು. ನೋವು ಜಾಸ್ತಿ ಆತು. ಫೋನೂ ಮುಗೀತು." ಕಪ್ಪು ಪರದೆಯನ್ನು ತೋರಿಸಿದಳು.

ಪುಷ್ಪಮ್ಮ ಆ ಪರದೆಯನ್ನೇ ನೋಡಿದಳು. ಜಗಳ ತೆಗೆಯುತ್ತಾಳೆ, ಸುಳ್ಳು ಅನ್ನುತ್ತಾಳೆ, ಮೇಜಿನ ಹುಡುಗಿಯ ಫೋನು ಕೇಳುತ್ತಾಳೆ ಎಂದು ದುಗ್ಗಮ್ಮ ಕಾದಳು. ಅದಕ್ಕೆಲ್ಲ ಉತ್ತರ ಹೊಂದಿಸಿಟ್ಟುಕೊಂಡಿದ್ದಳು. ಪುಷ್ಪಮ್ಮ ಯಾವುದನ್ನೂ ಮಾಡಲಿಲ್ಲ.

"ಎಷ್ಟಂದ್ರೂ ಹೆತ್ತೋಳು," ಎಂದಳು. "ಆ ಹೊತ್ತಿಗೆ ಬೇರೆ ಯಾರೂ ಬೇಡ ಅನ್ಸ್ತದೆ. ನಂಗೂ ಅನ್ಸಿತ್ತು."

ಅವಳೇ ಮೇಜಿನ ಹತ್ತಿರ ಹೋದಳು. ಜನರ ನಡುವೆ ಭುಜ ತೂರಿಸಿ, ದುಗ್ಗಮ್ಮನ ಪಾಸ್‌ಪೋರ್ಟನ್ನು ಮುಂದೆ ಇಟ್ಟು, ಹಿಂದಕ್ಕೆ ಬೆರಳು ತೋರಿಸಿ ಹೇಳಿದ ಮಾತಿನಲ್ಲಿ ದುಗ್ಗಮ್ಮನಿಗೆ ಒಂದೇ ಒಂದು ಪದ ತಿಳಿಯಿತು. ಮಾ. ಮೇಜಿನ ಹುಡುಗಿ ದುಗ್ಗಮ್ಮನ ಕಡೆ ನೋಡಿ ನಕ್ಕಳು. ಸೀಟಿನ ನಂಬರಿದ್ದ ಹೊಸ ಕಾರ್ಡು ಹೊರಬಂತು.

ಗಾಲಿಕುರ್ಚಿ ದೂಡುವವನು ಇವರನ್ನು ಹುಡುಕಿಕೊಂಡು ಬಂದು ದುಗ್ಗಮ್ಮನನ್ನು ಕೂರಿಸಿದ. ಪುಷ್ಪಮ್ಮ ತನ್ನ ಬ್ಯಾಗಿನ ಜಿಪ್ಪು ತೆಗೆದು ಪಂಚೆಯ ಉಂಡೆಯನ್ನು ಹೊರತೆಗೆದಳು. ಒಳಗಿನ ಒಳಲೆ ಇದೆಯೋ ಎಂದು ಒತ್ತಿ ನೋಡಿದಳು. ಅದನ್ನು ದುಗ್ಗಮ್ಮನ ತೊಡೆಯ ಮೇಲೆ ಇಟ್ಟಳು.

"ನಂಬಿಕೆ ಮೇಲೆ ಕೊಡ್ತಾ ಇಲ್ಲ. ಬೇರೆ ದಾರಿ ಇಲ್ಲ, ಅದಕ್ಕೆ ಕೊಡ್ತಿದೀನಿ," ಎಂದಳು. "ಮೊದ್ಲು ನಿಮ್ಮದೇ ಸುತ್ತಿ. ಇದನ್ನ ಕೆಳಗಾದ್ರೂ ಹಾಸಿ. ಕಾಲೊರ್ಸೋಕೆ ಮಾಡಬೇಡಿ."

ದುಗ್ಗಮ್ಮ ಅದನ್ನು ತನ್ನ ಬ್ಯಾಗಿಗೆ ಹಾಕಿಕೊಂಡಳು.

"ಪೂರ್ಣೇಶ್ ಕರೆಯೋಕೆ ಬಂದಿರ್ತಾನೆ. ನಾನು ಇಲ್ದಿದ್ದು ಕಂಡ್ರೆ ಗಾಬರಿ ಬೀಳ್ತಾನೆ. ನಾಳೆ ಬರ್ತೀನಿ, ಮಾತ್ರೆ ಕೈಯಲ್ಲೇ ಇದೆ ಅಂತ ಮೊದ್ಲು ಅದನ್ನ ಹೇಳಿ. ಆಮೇಲೆ ಬೇರೆ ಮಾತು."

"ಹೇಳ್ತಿನಿ."

ದೂಡುವವನು ಬ್ರೇಕು ತೆಗೆದ. ದುಗ್ಗಮ್ಮ ಉಳಿದ ರೊಟ್ಟಿಯ ಪೊಟ್ಟಣವನ್ನು ಪಕ್ಕದ ಗಾಲಿಕುರ್ಚಿಯ ಸೀಟಿನ ಮೇಲೆ ಇಟ್ಟಳು. "ಬಿಸ್ಕಿಟ್ಟಿನಲ್ಲಿ ರಾತ್ರಿ ಕಳೆಯಕ್ಕಾಗದಿಲ್ಲ."

ಪುಷ್ಪಮ್ಮ ಪೊಟ್ಟಣವನ್ನು ನೋಡಿದಳು. ಎತ್ತಿಕೊಳ್ಳಲಿಲ್ಲ, ವಾಪಸು ಕೊಡಲೂ ಇಲ್ಲ. "ಹೋಗಿ," ಎಂದಳು.

ದುಗ್ಗಮ್ಮನ ಸೀಟು ಹಿಂದಿನ ಸಾಲಿನಲ್ಲಿ, ನಡುವೆ. ಎರಡೂ ಕಡೆ ದೊಡ್ಡ ಮೈಯ ಗಂಡಸರು ಕೂತು, ವಿಮಾನ ಏರುವ ಮೊದಲೇ ನಿದ್ದೆ ಹೋದರು. ಊಟ ಬಂತು. ಏನು ಬೇಕೆಂದು ಕೇಳಿದ್ದು ತಿಳಿಯದೆ ತಲೆಯಾಡಿಸಿದಳು, ಕೊಟ್ಟದ್ದನ್ನು ತಿಂದಳು. ಆಮೇಲೆ ಚಳಿ ಹತ್ತಿತು. ಕಾಲ ಬಳಿಯಿದ್ದ ಬ್ಯಾಗಿಗೆ ಕೈ ಹಾಕಿ ಅತ್ತೆಯ ಸೀರೆಯೆಂದುಕೊಂಡು ಬಟ್ಟೆಯನ್ನು ಎಳೆದುಕೊಂಡಳು. ತೊಡೆಯ ಮೇಲೆ ಬಂದದ್ದು ಪಂಚೆ.

ಒಳಲೆಯನ್ನು ತೆಗೆದಿಟ್ಟು ಪಂಚೆಯನ್ನು ಅಂಗೈಯಲ್ಲಿ ಉಜ್ಜಿದಳು. ತಾನು ತಂದ ಸೀರೆಗಿಂತ ಮೆತ್ತಗಿತ್ತು. ಎಷ್ಟೆಂದರೆ ಬಟ್ಟೆ ಮುಟ್ಟಿದಂತೆಯೇ ಆಗಲಿಲ್ಲ. ಚೊಗರಿನ ಕಲೆಯ ಸುತ್ತ ಯಾರೋ ಸೋಪು ಹಾಕಿ ತಿಕ್ಕಿ ತಿಕ್ಕಿ ಸೋತದ್ದು ಕಾಣುತ್ತಿತ್ತು. ಹರಿದಲ್ಲೆಲ್ಲ ಸಣ್ಣ ಸಣ್ಣ ಹೊಲಿಗೆ ಹಾಕಿ, ಕೂಸಿನ ಮೈಗೆ ಚುಚ್ಚದಂತೆ ಗಂಟುಗಳನ್ನೆಲ್ಲ ಒಂದೇ ಕಡೆಗೆ ತಂದಿದ್ದರು. ಹೊಸ ದಾರ. ಈ ವಾರ ಹಾಕಿದ ಹೊಲಿಗೆ. ದುಗ್ಗಮ್ಮ ತನ್ನ ಸೀರೆಯ ಹರುಕನ್ನು ಹೊಲಿದಿರಲಿಲ್ಲ. ಅದು ಹೊಳೆದಿರಲೇ ಇಲ್ಲ.

ಪಂಚೆಯನ್ನು ಮಡಿಸಿ ಬ್ಯಾಗಿನ ತಳಕ್ಕೆ, ಕಲ್ಲಿನ ಕೆಳಗೆ ತುರುಕಿದಳು. ಸೀರೆಯನ್ನು ಮೇಲೆ ಇಟ್ಟು ಜಿಪ್ಪು ಎಳೆದಳು. ಚಳಿಯಲ್ಲೇ ಕೂತಳು.

ಡಬ್ಲಿನ್ನಿನಲ್ಲಿ ಇಳಿದಾಗ ಸಂಜೆಯಾಗಿತ್ತು. ಇನ್ನೊಬ್ಬ ಗಾಲಿಕುರ್ಚಿ ತಂದು ಕೂರಿಸಿದ, ಸಾಲುಗಳನ್ನೆಲ್ಲ ದಾಟಿಸಿ ದೂಡಿದ. ಗಾಜಿನ ಪೆಟ್ಟಿಗೆಯೊಳಗಿದ್ದ ಗಂಡಸು ಅವಳ ಮುಖವನ್ನೂ ಪಾಸ್‌ಪೋರ್ಟನ್ನೂ ನೋಡಿ ಮುದ್ರೆ ಒತ್ತಿದ. ಯಾರೂ ಏನೂ ಕೇಳಲಿಲ್ಲ. ಫೋನು ಸೊಂಟದ ಚೀಲದಲ್ಲಿ ಸತ್ತಂತೆಯೇ ಇತ್ತು. ಅವಳು ಅದನ್ನು ತೆರೆಯಲಿಲ್ಲ.

ತಾನಾಗಿ ತೆರೆದುಕೊಳ್ಳುವ ದೊಡ್ಡ ಬಾಗಿಲ ಆಚೆ ಜನ ಕಂಬಿಗೆ ಒರಗಿ ನಿಂತಿದ್ದರು. ಅವರ ನಡುವೆ ಪೂರ್ಣೇಶ್. ಗಡ್ಡ ಬೆಳೆದಿತ್ತು, ಗೋದಾಮಿನ ಹಳದಿ ಜಾಕೀಟಿನಲ್ಲೇ ಬಂದಿದ್ದ. ದುಗ್ಗಮ್ಮನನ್ನು ಕಂಡು ಒಂದು ಕ್ಷಣ ಬೆರಗಾದ. ಆಮೇಲೆ ಮುಖ ಅರಳಿತು. ಕಂಬಿ ಬಳಸಿ ಓಡಿ ಬಂದು ಬಗ್ಗಿ ಅವಳ ಕಾಲು ಮುಟ್ಟಿದ.

"ಹೆಣ್ಣು ಮಗು, ಅತ್ತೆ. ಇವತ್ತು ಮಧ್ಯಾಹ್ನ ಆಯ್ತು. ಇಬ್ಬರೂ ಚೆನ್ನಾಗಿದಾರೆ. ಆಸ್ಪತ್ರೇರು ಟವೆಲಲ್ಲಿ ಸುತ್ತಿದಾರೆ. ಕಾವ್ಯ ಹೇಳಿದ್ಲು, ಅತ್ತೆ ಅಜ್ಜನ ಪಂಚೆ ತರ್ತಾರೆ, ಅಲ್ಲೀವರೆಗೆ ಬೇರೇದು ತೊಡ್ಸೋದು ಬೇಡ ಅಂತ."

ದುಗ್ಗಮ್ಮ ಬ್ಯಾಗನ್ನು ಹೊಟ್ಟೆಗೆ ಒತ್ತಿ ಹಿಡಿದಳು.

"ಕಡೆಗೆ ಇಬ್ಬರಿಗೂ ಸೀಟು ಸಿಕ್ತಲ್ಲ, ಒಳ್ಳೇದಾಯ್ತು," ಎಂದ ಪೂರ್ಣೇಶ್, ಅವಳ ತಲೆಯ ಮೇಲಿಂದ ಬಾಗಿಲ ಕಡೆ ನೋಡುತ್ತ. "ಅಮ್ಮ ಹಿಂದೆ ಬರ್ತಿದಾರಾ?"

ದೂಡಿಕೊಂಡು ಬಂದವನು ಕುರ್ಚಿ ವಾಪಸು ಒಯ್ಯಲು ಕಾಯುತ್ತಿದ್ದ. ದುಗ್ಗಮ್ಮ ಎದ್ದು ನಿಂತಳು. ಬಾಗಿಲು ಇಬ್ಭಾಗವಾಗಿ ತೆರೆದುಕೊಂಡಿತು. ಪೂರ್ಣೇಶ್ ಕತ್ತು ಉದ್ದ ಮಾಡಿದ. ಮತ್ತೊಂದು ಗಾಲಿಕುರ್ಚಿ ಹೊರಗೆ ಬಂತು. ಅದರಲ್ಲಿ ಸೀರೆಯ ಮೇಲೆ ಸ್ವೆಟರ್ ತೊಟ್ಟ, ಬೇರೆ ಯಾರದೋ ತಾಯಿ.